ಅರ್ಧ ಮನೆ ಕೆಳಗೆ

ಹಾಸನದ ಗಂಟಲು ಡಾಕ್ಟರು
ಕೋಮಲಾಂಬೆಯ ಮೂಗಿನೊಳಗೆ
ತುದಿಯಲ್ಲಿ ದೀಪವಿದ್ದ ಹುರಿಯೊಂದನ್ನು ಇಳಿಬಿಟ್ಟು
‘ಈ... ಅನ್ನಿ’ ಅಂದರು.

ಅವಳು ನನ್ನ ಕಡೆ ನೋಡಿದಳು,
ಶ್ರುತಿ ಕೊಡು ಅನ್ನೋ ಹಾಗೆ.
ಪೆಟ್ಟಿಗೆ ಅರಸೀಕೆರೆಯಲ್ಲಿತ್ತು, ಮಂಚದ ಕೆಳಗೆ.
ಮೂಲೆಯಲ್ಲಿ ಔಷಧಿಯ ಫ್ರಿಜ್ಜು ಗುಂಯ್ ಅನ್ನುತ್ತಿತ್ತು,
ಬಿಳಿ ಮೂರಕ್ಕೆ ಕೂದಲೆಳೆಯಷ್ಟು ಕಡಿಮೆ.
ಅದನ್ನೇ ಹಿಡಿದಳು.

ಪರದೆಯ ಮೇಲೆ ಎರಡು ಬಿಳಿ ಎಳೆ,
ಬಾಳೆನಾರಿನಷ್ಟು.
ಹತ್ತಿರ ಬರುತ್ತಿದ್ದವು, ಪೂರ್ತಿ ಸೇರುತ್ತಿರಲಿಲ್ಲ.
‘ಇಷ್ಟೇನಾ?’ ಅಂದಳು, ಹುರಿ ತೆಗೆದ ಮೇಲೆ.

ಇಷ್ಟೇ.
ಇಷ್ಟರಲ್ಲೇ, ಮೈಕು ಕೆಟ್ಟ ರಾತ್ರಿಗಳಲ್ಲಿ,
ತಗಡಿನ ಥಿಯೇಟರಿನ ಕಟ್ಟಕಡೆಯ ನೆಲದ ಕ್ಲಾಸಿಗೆ,
ಅದರಾಚೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆಗೊರಗಿದ ಹಮಾಲರಿಗೆ
ಕಂದಪದ್ಯದ ಒಂದಕ್ಷರ ಬಿಡದೆ ಮುಟ್ಟಿಸಿದ್ದಳು.
ಒನ್ಸ್ ಮೋರ್ ಬಿದ್ದು ಬಿದ್ದು
ವಿಷ ಕುಡಿದ ರಾಣಿ ಮೂರು ಸಲ ಎದ್ದು, ಹಾಡಿ, ಸತ್ತಿದ್ದಳು.

ಆಗ ಕಪ್ಪು ನಾಲ್ಕು.
ಜೊತೆಗೆ ಹಾಡುವ ರಾಜರೆಲ್ಲ ಬೆವರುತ್ತಿದ್ದರು.

ಕಡೂರು ಕ್ಯಾಂಪಿನಲ್ಲಿ ಕೂಸು ಸತ್ತು ಹುಟ್ಟಿತು.
ಹನ್ನೊಂದನೇ ದಿನ ಬಣ್ಣ ಹಚ್ಚಿದಳು.
ಮೇಲಿನ ಷಡ್ಜದ ಹೊಸಲಿನ ತನಕ ಹೋಗಿ
ವಾಪಸು ಬಂದಳು.
ಜನಕ್ಕೆ ತಿಳಿಯಲಿಲ್ಲ, ನನ್ನ ಬೆರಳಿಗೆ ತಿಳಿಯಿತು.
ಮಾರನೇ ರಾತ್ರಿ ಬಿಳಿ ಐದಕ್ಕೆ ಇಳಿಸಿಕೊಂಡೆ.
ಹೇಳಲಿಲ್ಲ.

ಕಂಪನಿ ಮುಳುಗಿ, ಊರವರ ನಾಟಕಗಳಿಗೆ
ರಾತ್ರಿಗಿಷ್ಟು ಅಂತ ಹೋಗತೊಡಗಿದಾಗ ಕಪ್ಪು ಮೂರು.
ಜಾವಗಲ್ಲಿನಲ್ಲಿ ಬಿಳಿ ನಾಲ್ಕು.
ಮೊನ್ನೆ ಬಾಣಾವರದಲ್ಲಿ, ಅವಳ ಅರವತ್ತೇಳಕ್ಕೆ,
ಹದಿನೆಂಟರ ರಾಜಕುಮಾರಿಗೆ, ಬಿಳಿ ಮೂರು.
ಮೂವತ್ತೆಂಟು ವರ್ಷ
ಅರ್ಧರ್ಧ ಮನೆ ಇಳಿಯುತ್ತಾ ಬಂದ ಈ ಕಳ್ಳತನ
ನನ್ನೊಬ್ಬನದೇ ಅಂದುಕೊಂಡಿದ್ದೆ.

‘ಹದಿನೈದು ದಿನ ಒಂದು ಮಾತೂ ಕೂಡದು.
ಪಿಸುಗುಟ್ಟೋದಂತೂ ಬೇಡವೇ ಬೇಡ.’
ಡಾಕ್ಟರು ಚಿಕ್ಕ ವಯಸ್ಸಿನವರು. ನಾಟಕ ನೋಡಿಲ್ಲವಂತೆ.
ಫೀಸು ನಾನೂರು, ಹುರಿಗೆ ಬೇರೆ.

ದುದ್ದ ದಾಟಿದ ಮೇಲೆ ಕಂಡಕ್ಟರು
ಎಲ್ಲಿಗಮ್ಮಾ ಅಂದ.
ಅವಳು ನನ್ನನ್ನು ತೋರಿಸಿದಳು.

ಹಾರನಹಳ್ಳಿ ಹತ್ತಿರ, ಮಾತ್ರೆ ಚೀಟಿಯ ಹಿಂದೆ
ಏನೋ ಗೀಚಿ ನನ್ನ ತೊಡೆಯ ಮೇಲಿಟ್ಟಳು:
‘ಕಡೂರಲ್ಲಿ ಇಳಿಸಿದ್ದು ಗೊತ್ತು.
ಬಾಣಾವರದಲ್ಲಿ ಇನ್ನರ್ಧ ಇಳಿಸಬೇಕಿತ್ತು.’

ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.
ಪೆನ್ನು ಕೇಳಿದೆ, ಕೊಡಲಿಲ್ಲ.
ಅವಳ ಬೆರಳು ಆಗಲೇ ಕಿಟಕಿಯ ಸರಳಿನ ಮೇಲೆ
ತಾಳ ಹಾಕುತ್ತಿತ್ತು.
ಯಾವ ಮಟ್ಟು ಅಂತ ಗೊತ್ತಾಯಿತು.
ಶ್ರುತಿ ಮಾತ್ರ
ಗೊತ್ತಾಗಲಿಲ್ಲ.