ಗೇಟು ಬಿದ್ದಾಗ

ಈ ಸೈಕಲ್ಲು ನನ್ನದಲ್ಲ.
ಎಂಟನೇ ಕ್ಲಾಸಿನಲ್ಲಿ ಸರ್ಕಾರ ಮಗಳಿಗೆ ಕೊಟ್ಟದ್ದು.
ಅವಳೀಗ ಕಾಲೇಜಿಗೆ ಬಸ್ಸಿನಲ್ಲಿ, ಕಿಟಕಿ ಪಕ್ಕ.
ಮೂವತ್ತೊಂಬತ್ತನೇ ವಯಸ್ಸಿಗೆ ನಾನು
ಸ್ಕೂಲಿನ ಬಯಲಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ,
ಸೀರೆ ಎತ್ತಿ ಸಿಕ್ಕಿಸಿ, ಎರಡು ಸಲ ಬಿದ್ದು
ಮೂರನೇ ಸಲ ಬೀಳುವುದನ್ನು ಮರೆತೆ.

ದೀಪಾವಳಿ ಕಳೆದು ಹನ್ನೆರಡು ದಿನ.
ಹಟ್ಟಿಲಕ್ಕವ್ವನ ತಲೆಯ ಚೆಂಡುಹೂ
ಬಾಗಿಲ ಬದಿಯಲ್ಲಿ ಒಣಗಿ ಕಂದಾಗಿದೆ.
ಐದಕ್ಕೆ ಐದು ನಿಮಿಷ ಕಮ್ಮಿ.
ಹಾಸ್ಟೆಲಿನ ಹುಡುಗಿಯರಿಗೆ
ಏಳೂವರೆಯೊಳಗೆ ನೂರಾ ಅರವತ್ತು ಚಪಾತಿ.
ಕೈಗವಸು ಕೊಂಡಿಲ್ಲ. ಮಗಳ ಹಳೇ ಯೂನಿಫಾರ್ಮಿನ
ಬಿಳಿ ಕಾಲುಚೀಲ ಎರಡು ಕೈಗೂ ಏರಿಸುತ್ತೇನೆ.
ಅದರಲ್ಲಿ ಹೆಬ್ಬೆರಳಿಗೆ ಬೇರೆ ಮನೆಯಿಲ್ಲ,
ಬೆಲ್ಲು ಹೊಡೆಯಲು ಬರುವುದಿಲ್ಲ.
ಅಡ್ಡ ಬಂದವರಿಗೆ ಬಾಯಲ್ಲೇ
"ಸರೀ, ಸರೀ" ಅನ್ನುತ್ತ ಹೋಗುತ್ತೇನೆ.
ಕಣ್ಣಲ್ಲಿ ನೀರು. ಏನಿಲ್ಲ, ಗಾಳಿ.

ಸರ್ವಿಸ್ ರೋಡಿನ ಅರ್ಧಕ್ಕೆ ಮೆಕ್ಕೆಜೋಳ ಹಾಸಿದ್ದಾರೆ,
ಮೇಲೆ ಟಾರ್ಪಾಲು, ಅಂಚಿಗೆ ಸಾಲುಗಲ್ಲು.
ಕಾವಲಿಗೆ ಮಲಗಿದವರು
ಕಂಬಳಿಯೊಳಗೆ ಇನ್ನೊಂದು ರಾಶಿ.
ಚಕ್ರದ ಕೆಳಗೆ ಕಾಳೊಂದು ಟಪ್ ಅನ್ನುತ್ತದೆ,
ಯಾರದೋ ಕಾಳು.
ಬ್ರೇಕು ಹಿಡಿದರೆ ಜಾರುತ್ತದೆ,
ಹಿಡಿಯದಿದ್ದರೂ ಜಾರುತ್ತದೆ.
ನಾಯಿಯೊಂದು ಎದ್ದು, ನನ್ನ ಬಿಳಿ ಕೈಗಳನ್ನು ನೋಡಿ,
ಬೊಗಳುವ ಮನಸ್ಸು ಬದಲಿಸುತ್ತದೆ.

ರೈಲ್ವೆ ಗೇಟು ಬಿದ್ದಿದೆ.
ಬೀಳದ ದಿನ ಯಾವುದು.

ಹಾಲಿನ ಕ್ಯಾನಿನವನು, ಪೇಪರ್ ಹುಡುಗ, ಎರಡು ಆಟೋ,
ಎಲ್ಲರಿಗಿಂತ ಮುಂದೆ ಬುಡೇನ್ ಸಾಬರು.
ಹಿಂದೆ ಮೂರು, ಮುಂದೆ ಎರಡು ಮಂಡಕ್ಕಿ ಮೂಟೆ,
ಸೈಕಲ್ಲೇ ಕಾಣುವುದಿಲ್ಲ;
ಬೆಳ್ಳನೆ ಒಂದು ಮೋಡ, ಕೆಳಗೆ ಎರಡು ಟೈರು.
ಭಟ್ಟಿಯಿಂದ ಈಗ ತಾನೇ ಎತ್ತಿದ್ದು.
ಮೊದಲ ದಿನ ಅವರೇ ಅಂದರು:
"ಕೈ ಇಡವ್ವ ಮೂಟಿ ಮ್ಯಾಲೆ. ಬಿಸಿ ಐತಿ.
ಇಟ್ರೆ ಏನ್ ಕಮ್ಮಿ ಆಗಂಗಿಲ್ಲ."

ಕಾಲುಚೀಲ ಕಳಚಿ ಕೈ ಇಟ್ಟೆ.
ಒಳಗೆ ಮಂಡಕ್ಕಿ ಸರಿದು ಜಾಗ ಮಾಡಿಕೊಟ್ಟಿತು,
ಕರುವಿನ ಹೊಟ್ಟೆಯಷ್ಟು ಬೆಚ್ಚಗೆ,
ಆದರೆ ಗರಗರ ಅನ್ನುವ ಬೆಚ್ಚಗೆ.
ಹೊಟ್ಟಿನ ಹೊಗೆ, ಉಪ್ಪು, ಕಾದ ಮರಳಿನ ವಾಸನೆ.
ಗೂಡ್ಸ್ ಗಾಡಿ ತನ್ನ ಡಬ್ಬಿಗಳನ್ನು ಒಂದೊಂದಾಗಿ
ನಮ್ಮ ಮುಂದೆ ಎಣಿಸಿಕೊಂಡು ಹೋಯಿತು.

ಆಮೇಲೆ ಅದೇ ರೂಢಿ.
"ಇವತ್ತೆಷ್ಟು ಚಪಾತಿ?"
"ನೂರಾ ಅರವತ್ತು. ನಿಮ್ಮದೆಷ್ಟು ಮೂಟೆ?"
"ಐದೇ, ಸೈಕಲ್ಲಿಗೂ ವಯಸ್ಸಾತು."
ಅವರ ಮನೆ ಯಾವ ಗಲ್ಲಿ,
ನನ್ನ ಗಂಡನ ಹೆಸರೇನು, ಇದ್ದಾನೋ ಇಲ್ಲವೋ,
ಇಬ್ಬರೂ ಕೇಳಿಲ್ಲ.
ಪೇಪರ್ ಹುಡುಗ ಒಮ್ಮೆ ಕೆನ್ನೆಯನ್ನೇ ಒತ್ತಿ ನಿಂತುಬಿಟ್ಟ,
ಗೇಟು ಎದ್ದರೂ ಎದ್ದಿರಲಿಲ್ಲ.

ನಿನ್ನೆ ಗೇಟು ತೆರೆದೇ ಇತ್ತು.
ಹಳಿಯಾಚೆಯ ಏರಿನಲ್ಲಿ ಮೋಡ ಆಗಲೇ ಹೋಗುತ್ತಿತ್ತು.
ಸಾಬರು ತಿರುಗಿ ನೋಡಲಾರರು, ಬೆನ್ನಿಗೆ ಮೂರು ಮೂಟೆ.
ಆದರೂ ಟ್ರಿಣ್ ಟ್ರಿಣ್, ಎರಡು ಸಲ ಬೆಲ್ಲು.
ನನಗೋ, ಅಂದುಕೊಂಡು, ರಸ್ತೆಗೋ.
ಉತ್ತರಕ್ಕೆ ಹೆಬ್ಬೆರಳು ಕಾಲುಚೀಲದೊಳಗೇ ಅಲ್ಲಾಡಿತು.

ಹಾಸ್ಟೆಲಿಗೆ ಏಳು ನಿಮಿಷ ಮೊದಲೇ ಮುಟ್ಟಿದೆ.
"ಏನು ಸಾಕವ್ವ, ಇವತ್ತು ಗಾಳಿ ನೂಕಿತೇನು?"
ಅಂದಳು ಮೇಟಿ ಗಂಗಮ್ಮ, ಪರಾತ ನೂಕುತ್ತ.
ಹಿಟ್ಟು ನನ್ನ ಕೈಗಿಂತ ಬೆಚ್ಚಗಿತ್ತು.
ಮೊದಲ ಇಪ್ಪತ್ತು ಚಪಾತಿ ದುಂಡಗೆ ಬರಲಿಲ್ಲ;
ಹುಡುಗಿಯರು ಭೂಪಟ ಅಂತ ನಕ್ಕರು, ತಿಂದರು.

ಇವತ್ತು ತಿರುವಿನಲ್ಲೇ ಗೇಟಿನ ಗಂಟೆ ಕೇಳುತ್ತಿದೆ.
ಹಾಲಿನವನು ಸೀಟಿನಿಂದೆದ್ದು ತುಳಿಯುತ್ತಾನೆ,
ಆಟೋಗಳು ನುಗ್ಗುತ್ತವೆ,
ಕಂಬ ಕೆಳಗಿಳಿಯುವುದರೊಳಗೆ ದಾಟಲು
ಊರೇ ಅವಸರದಲ್ಲಿದೆ.
ನಾನು ಪೆಡಲ್ಲು ತುಳಿಯುವುದನ್ನು ಬಿಟ್ಟು
ಚಕ್ರ ಎಷ್ಟು ದೂರ ಹೋಗುತ್ತದೋ ಹೋಗಲಿ ಅಂತ
ಹಲ್ಲಿನಲ್ಲಿ ಕಾಲುಚೀಲದ ತುದಿ ಕಚ್ಚಿ ಎಳೆಯುತ್ತೇನೆ.