ಹನ್ನೊಂದು ಜನ, ಒಂದು ಮೈಕು

ಹತ್ತಿ, ಹತ್ತಿ. ಮೆಟ್ಟಿಲು ಒದ್ದೆಯಿದೆ, ಜೋಪಾನ.
ನಾನು ಹೆಸ್ಟರ್ ಓಲ್ಡ್‌ರಾಯ್ಡ್. ಚಾಲಕನ ಹೆಸರು ಸೆಲ್ವಿನ್,
ಮಾತಾಡುವವನಲ್ಲ. ಅವನ ಪಾಲಿನದನ್ನೂ ನಾನೇ ಆಡಿಬಿಡುತ್ತೇನೆ.
ಸಂಜೆಯೊಳಗೆ ಎರಡು ಸಾವಿರ ವರ್ಷ ನೋಡಿ ಮುಗಿಸಬೇಕು,
ನಡುವೆ ಚಹಾಕ್ಕೆ ಇಪ್ಪತ್ತು ನಿಮಿಷ.

ಎಡಗಡೆ ನೋಡಿ: ಗೋಡೆ.
ಬಲಗಡೆ: ಅದೂ ಗೋಡೆ.
ಗಾರೆಯಿಲ್ಲ, ಸುಣ್ಣವಿಲ್ಲ,
ಕಲ್ಲಿನ ಮೇಲೆ ಕಲ್ಲು ಕೂತ ಭಾರವೇ ಅಂಟು.
ಗೋಡೆಗೆ ಕಿವಿ ಅನ್ನುತ್ತಾರೆ;
ಇವಕ್ಕಿರುವುದು ಹೊಟ್ಟೆ. ಎರಡು ಮೈಯ ನಡುವೆ
ಹಿಡಿಹಿಡಿ ಚೂರುಕಲ್ಲು ಉಣಿಸಿ ಕಟ್ಟಿದ್ದಾರೆ.
ಅರೆಹೊಟ್ಟೆಯ ಗೋಡೆ ನಾಲ್ಕು ಚಳಿಗಾಲಕ್ಕೆ ಉಬ್ಬಿ ಬೀಳುತ್ತದೆ.
ಕಟ್ಟಿದವನ ಹೊಟ್ಟೆಯ ವಿಚಾರ
ನನಗೆ ಕೊಟ್ಟ ಕಾರ್ಡಿನಲ್ಲಿಲ್ಲ.

ರೋಮನ್ನರ ಗೋಡೆಯೆ? ಅದು ಇನ್ನೂ ಉತ್ತರಕ್ಕೆ,
ಅಂದರೆ ಅದರಲ್ಲಿ ಉಳಿದದ್ದು.
ಉಳಿಯದ್ದು ಕೊಟ್ಟಿಗೆಯ ಮೂಲೆಗಳಲ್ಲಿದೆ, ಚರ್ಚಿನ ಹೊಸ್ತಿಲಲ್ಲಿದೆ,
ಹಂದಿಗೆ ಕೂಳು ಸುರಿಯುವ ತೊಟ್ಟಿಯ ಅಡಿಗಿದೆ.
ದೊರೆಗಳು ಗಂಟುಮೂಟೆ ಕಟ್ಟಿದ ಮೇಲೆ
ಊರವರು ಗಾಡಿ ಕಟ್ಟಿಕೊಂಡು ಬಂದರು.
ಒಳ್ಳೆಯದೇ ಮಾಡಿದರು. ಇದು ನನ್ನ ಮಾತು, ಕಂಪನಿಯದಲ್ಲ.

ಕುರಿಗಳು ದಾಟಲಿ, ನಿಲ್ಲು ಸೆಲ್ವಿನ್.
ಯಾನ್, ಟ್ಯಾನ್, ಟೆದೆರಾ, ಮೆದೆರಾ, ಪಿಂಪ್.
ನನ್ನಜ್ಜ ಹೀಗೆ ಎಣಿಸುತ್ತಿದ್ದ. ಇಪ್ಪತ್ತರಾಚೆ ಅಂಕಿಯಿಲ್ಲ.
ಇಪ್ಪತ್ತಾದರೆ ಜೇಬಿಗೊಂದು ಕಲ್ಲು, ಮತ್ತೆ ಯಾನ್.
ಯಾವುದೋ ಹಳೆಯ ಭಾಷೆ ಸತ್ತು
ಅಂಕಿಗಳು ಮಾತ್ರ ಕುರಿಯ ಹಿಂದೆ ನಡೆದು ಬಂದವಂತೆ.
ಅವನು ತೀರಿಕೊಂಡಾಗ ಕೋಟಿನಲ್ಲಿ ಮೂರು ಕಲ್ಲಿದ್ದವು.
ಅರವತ್ತು. ಯಾವ ಅರವತ್ತು, ಗೊತ್ತಿಲ್ಲ.

ಇದು ಹೆಣದ ದಾರಿ.
ಸ್ವೇಲ್ ಹೊಳೆಯ ಮೇಲ್ಕಣಿವೆಯಲ್ಲಿ ಸತ್ತವರಿಗೆ
ಮಣ್ಣು ಸಿಗುತ್ತಿದ್ದದ್ದು ಕೆಳಗಿನ ಚರ್ಚಿನಲ್ಲಿ, ಎರಡು ದಿನದ ನಡಿಗೆ.
ಮರದ ಪೆಟ್ಟಿಗೆ ಭಾರವೆಂದು ಬೆತ್ತದ ಬುಟ್ಟಿಯಲ್ಲಿ ಹೊತ್ತರು.
ಈ ಚಪ್ಪಟೆ ಕಲ್ಲಿನ ಮೇಲೆ ಇಳಿಸಿ, ಭುಜ ನೀವಿಕೊಂಡು,
ಸತ್ತವನ ಸಾಲದ ಲೆಕ್ಕ ಆಡಿಕೊಂಡಿರಬಹುದು.
ಕೂರಿ ಮೇಡಂ, ಪರವಾಗಿಲ್ಲ,
ಅದು ಇರುವುದೇ ದಣಿದವರಿಗೆ.

ಯಾರ್ಕ್ ಬೇಗ ಮುಗಿಸೋಣ, ಮಳೆ ಹಿಡಿಯಿತು.
ಎದುರುಬದುರು ಮನೆಗಳು ಹಣೆಗೆ ಹಣೆ ತಾಗಿಸಿ
ನಡುವೆ ಒಂದು ಗೇಣು ಆಕಾಶ ಬಿಟ್ಟಿವೆ.
ಮಾಂಸ ತೂಗಿದ ಕೊಕ್ಕೆಗಳು ಹಾಗೇ ಇವೆ;
ಕೆಳಗೆ ಈಗ ಮಿಠಾಯಿ ಮಾರುತ್ತಾರೆ.
ಹೂಂ, ಫೋಟೋ ತೆಗೆದುಕೊಳ್ಳಿ.

ಇನ್ನು ಇಳಿಜಾರು. ಅಗೋ ಚಿಮಣಿ. ಐದು ಮಹಡಿಯ ಗಿರಣಿ,
ಈಗ ಒಳಗೆ ಫ್ಲಾಟುಗಳು, ಜಿಮ್ಮು, ಒಂದು
ಹಲೋ? ಕೇಳಿಸುತ್ತಿದೆಯೆ?
ಹಲೋ?

ಮೈಕು ಸತ್ತಿತು.
ಇರಲಿ. ನನ್ನಮ್ಮ ಇಲ್ಲೇ ಮೂವತ್ತೊಂದು ವರ್ಷ ನೇಯ್ದಳು.
ಮುನ್ನೂರು ಮಗ್ಗ ಒಟ್ಟಿಗೆ ಬಡಿದರೆ
ಮಾತು ಬಾಯಿಂದ ಹೊರಬಿದ್ದದ್ದೇ ಸಾಯುತ್ತಿತ್ತು.
ಅದಕ್ಕೇ ತುಟಿಯಲ್ಲಿ ಆಡಿ, ಕಣ್ಣಲ್ಲಿ ಕೇಳುತ್ತಿದ್ದರು.
ಮನೆಯಲ್ಲೂ ಅದೇ ಚಾಳಿ:
ಗಡಿಯಾರವೊಂದೇ ಸದ್ದು ಮಾಡುವ ಅಡುಗೆಮನೆಯಲ್ಲಿ
ಬಾಯಿ ಅಗಲಿಸಿ, ದನಿಯಿಲ್ಲದೆ ನನ್ನನ್ನು ಬೈಯುತ್ತಿದ್ದಳು.
ಹೀಗೆ, ನೋಡಿ.

ಹಿಂದಿನ ಸೀಟಿನ ಹಿರಿಯರೇ,
ನಕ್ಕಿರಿ ನೀವು. ಅರ್ಥವಾಯಿತೆ? ಆ ಬೈಗುಳ?
ಏನು ನಿಮ್ಮ ಹೆಸರು? ಫಜಲ್ ಕರೀಂ.
ರಾತ್ರಿ ಪಾಳಿ, ಮೂರನೆಯ ಮಹಡಿ.
ಮೀರ್‌ಪುರದ ಕಡೆಯವರು. ಊರು ಅಣೆಕಟ್ಟಿನ ನೀರಿನಡಿ.
ಇಂಗ್ಲಿಷು ಮೊದಲು ಕಣ್ಣಿಗೆ ಬಂತು, ಕಿವಿಗೆ ಆಮೇಲೆ, ಅಂತೀರಿ.
ಇದು ನನ್ನ ಕಾರ್ಡಿನಲ್ಲಿರಲಿಲ್ಲ,
ಬರೆದುಕೊಳ್ಳುತ್ತೇನೆ.

ಈಗೇನೋ ಅಂದಿರಿ, ತುಟಿಯಲ್ಲಿ.
ಇನ್ನೊಮ್ಮೆ ಅನ್ನಿ, ನಿಧಾನಕ್ಕೆ. ನನ್ನ ಕಣ್ಣು ಅಮ್ಮನಷ್ಟು ಚುರುಕಲ್ಲ.

ಚಹಾ.
ಚಹಾದ ಹೊತ್ತು ಮೀರಿತು, ಅನ್ನುತ್ತಿದ್ದಾರೆ.
ಸೆಲ್ವಿನ್, ನಿಲ್ಲಿಸಪ್ಪ.