ಯಾವ ಚಂದ್ರಿಕೆಗೆ

ಶಿಡ್ಲಘಟ್ಟದ ಕೋಟೆ ಸರ್ಕಲ್ಲಿನಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ,
ಚಾಂದ್‌ಪಾಷ ಮೇಷ್ಟರ ಕಂಪ್ಯೂಟರ್ ಕ್ಲಾಸು.
ಅವರದು ಒಂದೇ ಮಾತು: ರಿಯಾಕ್ಟ್ ಕಲ್ತ್ಕೋಮ್ಮ, ಊರೆಲ್ಲ ಅದೇ.
ಪಕ್ಕದ ಕುರ್ಚಿಯ ಗಂಗುಲಪ್ಪನಿಗೆ ವ್ಯೂ ಅಂದರೆ ಪ್ರಾಣ:
ಹಗುರ ಅಕ್ಕ, ಮೂರು ದಿನಕ್ಕೆ ಕೈಗೆ ಹತ್ತುತ್ತೆ.
ಆಂಗ್ಯುಲರ್ ಬಲ್ಲವರೊಬ್ಬರು ಚಿಂತಾಮಣಿಯಲ್ಲಿದ್ದಾರಂತೆ,
ನೋಡಿದವರಿಲ್ಲ.
ಮೊನ್ನೆ ಯಾರೋ ಸ್ವೆಲ್ಟ್ ಅಂದರು.
ಅದನ್ನೂ ಬರೆದುಕೊಂಡೆ
ಲಾಟು ಚೀಟಿಯ ಹಿಂದೆ, ಬೇಳೆ ಬೆಲ್ಲದ ಪಟ್ಟಿಯ ಕೆಳಗೆ.

ನನಗೆ ಬೇಕಾದ್ದು ಒಂದು ಪುಟ.
ಇವತ್ತಿನ ಗೂಡಿನ ರೇಟು: ಮೇಲಿನದು, ಕೆಳಗಿನದು.
ಹರಾಜು ಏರಿದ ಹಾಗೆ ಅಂಕಿ ತಾನೇ ಏರಬೇಕು.
ರೀಲರ್ ತಾಜ್‌ಪೀರ್ ಸಾಬರು ಎರಡು ಸಾವಿರ ಕೊಡ್ತೀನಿ ಅಂದಿದ್ದಾರೆ,
ಅರ್ಧ ನಗುತ್ತ.

ರಾತ್ರಿ, ವೀಡಿಯೋದಲ್ಲಿ ಹೇಳಿದ ಹಾಗೇ
ಕಪ್ಪು ಪರದೆಗೆ ಒಂದು ಸಾಲು ಬರೆದೆ.
ಇಳಿಯಿತು, ಇಳಿಯಿತು, ಇಳಿಯುತ್ತಲೇ ಇತ್ತು.
ಒಂದು ‘ನಮಸ್ಕಾರ’ ಮೂಡಲು
ಮೂವತ್ತು ಸಾವಿರ ಫೈಲು.
ಮೊಬೈಲಿನ ಡೇಟಾ ಅಲ್ಲಿಗೇ ತೀರಿತು.
ನಾನೂ ಅದಕ್ಕೊಂದು ನಮಸ್ಕಾರ ಹಾಕಿ
ಲ್ಯಾಪ್‌ಟಾಪ್ ಮುಚ್ಚಿದೆ.

ನಾಲ್ಕಕ್ಕೆ ದೊಡ್ಡಮ್ಮ ಎಬ್ಬಿಸಿದಳು. ಹುಳು ಹಣ್ಣಾಗಿದ್ದವು.
ನಾಲ್ಕು ಜ್ವರ ಕಳೆದ ಮೈ ತಿಳಿಯಾಗಿ,
ಸೊಪ್ಪು ಬಿಟ್ಟು, ತಲೆಯೆತ್ತಿ
ಗಾಳಿಯಲ್ಲಿ ಏನನ್ನೋ ತಡಕುತ್ತಿದ್ದವು.
(ನನಗಿನ್ನೂ ಒಂದನೇ ಜ್ವರ.)
ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟೆವು.
ಬಿದಿರಿನವು ಬಾಡಿಗೆಗೆ ತಂದವು, ಸಾಲಲಿಲ್ಲ;
ಮಿಕ್ಕ ಹುಳು ಪ್ಲಾಸ್ಟಿಕ್ ನೇತ್ರಿಕೆಗೆ.
ಯಾವುದು ಒಳ್ಳೇದು ದೊಡ್ಡಮ್ಮ?
‘ಖಾಲಿ ಇರೋದು’ ಅಂದಳು,
ತಿರುಗಿಯೂ ನೋಡದೆ.

ಬ್ಯಾಟರಿ ಬೆಳಕಿನಲ್ಲಿ ಒಂದನ್ನೇ ನೋಡುತ್ತ ಕೂತೆ.
ಅದು ಕೂಡಲೆ ಗೂಡು ಕಟ್ಟಲಿಲ್ಲ.
ಅಲ್ಲೊಂದು ಇಲ್ಲೊಂದು ಜಾಳು ಎಳೆ ಎಸೆಯಿತು
ಬಿದಿರ ಸೀಳಿಗೆ, ಪಕ್ಕದ ಹುಳುವಿನ ಎಳೆಗೆ,
ಹತ್ತಿರ ಹೋದ ನನ್ನ ಬೆರಳಿಗೂ.
ಅಳತೆಯಿಲ್ಲ, ಅಂದವಿಲ್ಲ.
ರೀಲರು ಅದನ್ನು ಸುಲಿದು ಮೂಲೆಗೆ ಹಾಕುತ್ತಾರೆ,
ರೇಟು ಕಟ್ಟುವುದಿಲ್ಲ.
ಅದಿಲ್ಲದೆ ಮಾತ್ರ ಗೂಡು ಎಲ್ಲಿಯೂ ಕೂರುವುದಿಲ್ಲ.
ಕೂತ ಮೇಲೆ ಬಿಸಿನೀರು ಇದ್ದೇ ಇದೆ,
ಆ ಮಾತು ಈಗ ಬೇಡ.

ಬೆಳಗ್ಗೆ ಕೈ ತೊಳೆದು ಬಂದು
ಯಾವ ಹೆಸರೂ ಇಲ್ಲದ ಫೈಲು ತೆರೆದೆ.
ಒಂದು ಕೋಷ್ಟಕ, ಒಂದು ಗುಂಡಿ.
ಐನೂರ ನಲವತ್ತಕ್ಕೆ ಹನ್ನೆರಡು ಕೂಡಿಸು ಅಂದೆ.
ಅಂಕಿಯನ್ನು ಅಕ್ಷರ ಅಂದುಕೊಂಡು
ಪಕ್ಕಪಕ್ಕ ಕೂರಿಸಿಬಿಟ್ಟಿತು:
ಕೆಜಿ ಗೂಡಿಗೆ ಐವತ್ತನಾಲ್ಕು ಸಾವಿರದ ಹನ್ನೆರಡು!
ದೊಡ್ಡಮ್ಮನನ್ನು ಕೂಗಿ ತೋರಿಸಿದೆ.
‘ಇದೇ ಇರಲಿ, ಅಳಿಸಬೇಡ’ ಅಂದಳು.
ಅಳಿಸಿದೆ. ಹನ್ನೊಂದರ ಹೊತ್ತಿಗೆ
ಐನೂರ ಐವತ್ತೆರಡು ಬಂತು. ಇನ್ನೊಮ್ಮೆ ಒತ್ತಿದೆ.
ಐನೂರ ಅರವತ್ತನಾಲ್ಕು.
ಸುಮ್ಮನೆ ಒತ್ತುತ್ತಲೇ ಇದ್ದೆ,
ಮಾರ್ಕೆಟ್ಟಿನಲ್ಲಿ ಯಾರೂ ಕೂಗದ ರೇಟಿನವರೆಗೆ.

ಸಂಜೆ ಮೇಷ್ಟರು ಕೇಳಿದರು:
ಯಾವ್ದು ಅಂತ ತೀರ್ಮಾನ ಮಾಡಿದ್ಯಾ?
‘ಖಾಲಿ ಇರೋದು’ ಅಂದೆ.
ಅವರು ಮೂಲೆಯ ಕಂಪ್ಯೂಟರ್ ಕಡೆ ಕೈ ತೋರಿಸಿದರು.
ಅದರ ಸ್ಪೇಸ್ ಕೀ ಅಂಟುತ್ತದೆ.
ಒಳಗೆ ಯಾರೋ ಅರ್ಧಕ್ಕೆ ಬಿಟ್ಟುಹೋದ ವ್ಯೂ ಪಾಠ,
ಎರಡನೇ ಅಧ್ಯಾಯ.
ಕುರ್ಚಿ ಎಳೆದುಕೊಂಡೆ.
ಬೆರಳಲ್ಲಿನ್ನೂ ಆ ಹುಳುವಿನ ಎಳೆ
ಒಂದಿಷ್ಟು ಉಳಿದಿತ್ತು.